ಮಂತ್ರ ಕಲಿಯುವ ಮೊದಲು

ಮಂತ್ರಸಾಧನೆಗೆ ಮನಸ್ಸಾದವರು ಹತ್ತು ಕಡೆ ಉಪದೇಶ ಪಡೆಯುವುದಕ್ಕಿಂತ ಒಂದೇ ಪದ್ಧತಿ ಹಿಡಿಯುವುದು ಮೇಲು. ಸಾಲಿಗ್ರಾಮದ ವಡುಗನಂಬಿ ತಮ್ಮ ಗುರು ರಾಮಾನುಜರ ಪಾದವೊಂದನ್ನೇ ನೆಚ್ಚಿದರೆಂದು ಶ್ರೀವೈಷ್ಣವರು ಇಂದಿಗೂ ನೆನೆಯುತ್ತಾರೆ. ಆದರೆ ಗುರುವನ್ನು ಆರಿಸುವಾಗ ಕಣ್ಣು ಮುಚ್ಚಬೇಡಿ. ಗುಟ್ಟು ಬಿಟ್ಟುಕೊಟ್ಟರೆ ಮಂತ್ರದ ಶಕ್ತಿ ಹೋಗುತ್ತದೆ ಎನ್ನುವ ಗುರುಗಳುಂಟು. ಅದೇ ರಾಮಾನುಜರು ತಿರುಕ್ಕೋಷ್ಟಿಯೂರಿನ ಗೋಪುರವೇರಿ ಗುಟ್ಟಿನ ಅಷ್ಟಾಕ್ಷರಿ ಮಂತ್ರವನ್ನು ಎಲ್ಲರಿಗೂ ಸಾರಿದರೆಂಬ ಕಥೆ ಇದೆಯಲ್ಲ, ಅದಾದ ಮೇಲೂ ಆ ಜಪ ನಿಂತಿಲ್ಲ! ಫಲದ ವಿಚಾರದಲ್ಲೂ ಅಳತೆ ಇರಲಿ. ಜಪ ಮನಸ್ಸನ್ನು ಒಂದೆಡೆ ನಿಲ್ಲಿಸೀತು. ಮಾಟ ತೆಗೆಯುತ್ತೇನೆ, ನಿಧಿ ತೋರಿಸುತ್ತೇನೆ ಎಂದು ದುಡ್ಡು ಕೇಳುವುದು ಬೇರೆಯೇ ಕಸುಬು. ನಿಧಿಯಾಸೆಯ ವಾಮಾಚಾರವನ್ನೂ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದನ್ನೂ ಕರ್ನಾಟಕದ 2017ರ ಕಾಯ್ದೆ ಅಪರಾಧವೆನ್ನುತ್ತದೆ. ಆಸ್ಪತ್ರೆಯಲ್ಲಿ ಮಲಗಿಯೂ ಜಪ ಮಾಡಬಹುದು, ಯಾರ ಅಡ್ಡಿಯೂ ಇಲ್ಲ.