ವಾಲ್ವ್ ಸೆಟ್ಟಿನ ಮುಂದೆ ಕೂತು ಕಲಿತ ಪಾಠಗಳು

ಶ್ರವಣಬೆಳಗೊಳದಲ್ಲಿ ರೇಡಿಯೊ, ಮೈಕ್ ಸೆಟ್ ರಿಪೇರಿ ಮಾಡಿಕೊಂಡು ಬಂದವನು ನಾನು. ಹಿಂದೆ ನನ್ನ ಬೆಂಚಿಗೆ ಬರುತ್ತಿದ್ದ ವಾಲ್ವ್ ಆಂಪ್ಲಿಫೈಯರುಗಳೆಲ್ಲ ಶಾಮಿಯಾನದವರವು, ಪೌರಾಣಿಕ ನಾಟಕಕ್ಕೆ ಮೈಕ್ ಕಟ್ಟುವವರವು. ಈಗ ಹಾಸನದಿಂದ, ಬೆಂಗಳೂರಿನಿಂದ ಗಿಟಾರ್ ನುಡಿಸುವ ಹುಡುಗರು ಹಳೆಯ ವಾಲ್ವ್ ಸೆಟ್ ಹೊತ್ತುಕೊಂಡು ಬರುತ್ತಾರೆ. ಮೊಬೈಲಿನಲ್ಲೇ ಹತ್ತು ಥರದ ದನಿ ಸಿಗುವಾಗ ಇಷ್ಟು ಭಾರದ, ಇಷ್ಟು ಬಿಸಿಯಾಗುವ ಪೆಟ್ಟಿಗೆ ಇವರಿಗೆ ಯಾಕೆ ಬೇಕು ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಯಾಕೆ ಬೇಕು ಎನ್ನುವುದೂ, ಬೇಕಾದರೆ ಹೇಗೆ ಉಳಿಸಿಕೊಳ್ಳಬೇಕು ಎನ್ನುವುದೂ ಕೆಲಸ ಮಾಡುತ್ತಲೇ ನನಗೆ ತಿಳಿದದ್ದು.

1. ಗಿಟಾರ್ ಆಂಪ್ಲಿಫೈಯರ್ ಹುಟ್ಟಿದ್ದು ರೇಡಿಯೊ ಅಂಗಡಿಯಲ್ಲಿ.

ಫೆಂಡರ್, ಮಾರ್ಷಲ್ ಎಂಬ ಹೆಸರು ಕೇಳಿದರೆ ಹಿಂದೆ ಸರಿಯುವ ಮೆಕ್ಯಾನಿಕ್‌ಗಳಿದ್ದಾರೆ. ಸರಿಯಬೇಕಿಲ್ಲ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು. ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯವರು 1962ರಲ್ಲಿ ಫೆಂಡರಿನ ಬಾಸ್‌ಮನ್ ಸರ್ಕ್ಯೂಟನ್ನೇ ಎದುರಿಗಿಟ್ಟುಕೊಂಡು ತಮ್ಮ ಮೊದಲ ಸೆಟ್ ಮಾಡಿದರು. ಒಳಗಿರುವುದೆಲ್ಲ ನಮಗೆ ಗೊತ್ತಿರುವ ಸಾಮಾನೇ. ನಮ್ಮ ಮನೆಗಳ ರೇಡಿಯೊದಲ್ಲಿದ್ದ ಇಎಲ್84 ವಾಲ್ವೇ ವಾಕ್ಸ್ ಎಸಿ30 ಎಂಬ ಪ್ರಸಿದ್ಧ ಗಿಟಾರ್ ಸೆಟ್ಟಿನಲ್ಲಿ ನಾಲ್ಕು ಕೂತಿದೆ.

ಕನ್ನಡ ನಾಡಿಗೂ ಇದು ಹೊಸದಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಿಂದ ಬಾನುಲಿ ಹೊರಡಿಸಿದ್ದು ವಾಲ್ವಿನಿಂದಲೇ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಫಿಲಿಪ್ಸ್ ಸಹಯೋಗದಲ್ಲಿ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸಿತು. ಗಾಜಿನ ಮೇಲೆ ಬಿಇಎಲ್ ಗುರುತಿರುವ ಹಳೆಯ ಇಸಿಸಿ83 ವಾಲ್ವ್ ಇವತ್ತು ಕೈಗೆ ಸಿಕ್ಕರೆ ಜೋಪಾನ ಮಾಡಿ. ಅದನ್ನು ಹುಡುಕುವ ಗಿಟಾರ್‌ನವರು ಹೊರದೇಶದಲ್ಲೂ ಇದ್ದಾರೆ.

2. ಬೆರಳಿಗೆ ಉತ್ತರ ಕೊಡುವುದೇ ವಾಲ್ವ್ ಸೆಟ್ಟಿನ ದೊಡ್ಡ ಗುಣ.

ಹಳೆಯದು ಎಂಬ ಮೋಹದಿಂದ ಮಾತ್ರ ಜನ ವಾಲ್ವಿಗೆ ಅಂಟಿಕೊಂಡಿದ್ದಾರೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಟ್ರಾನ್ಸಿಸ್ಟರ್ ಸೆಟ್ಟನ್ನು ಅದರ ಮಿತಿ ದಾಟಿಸಿದರೆ ಸಿಗ್ನಲ್ಲಿನ ತಲೆ ಚಕ್ಕನೆ ಕತ್ತರಿಸಿ, ದನಿ ಕರ್ಕಶವಾಗುತ್ತದೆ. ವಾಲ್ವ್ ಸೆಟ್ ಮಿತಿಯ ಹತ್ತಿರ ಬಂದಂತೆ ಮೆಲ್ಲಮೆಲ್ಲಗೆ ಬಾಗುತ್ತದೆ. ತಂತಿಯನ್ನು ಮೃದುವಾಗಿ ಮೀಟಿದರೆ ಸ್ವರ ತಿಳಿಯಾಗಿ ಬರುತ್ತದೆ, ಬಲವಾಗಿ ಮೀಟಿದರೆ ಅದೇ ಸ್ವರ ಗರಗರ ಎನ್ನುತ್ತದೆ. ನಡುವೆ ಯಾವ ಸ್ವಿಚ್ಚೂ ಇಲ್ಲ, ಎಲ್ಲ ಕೈಯಲ್ಲೇ ಇದೆ.

ವಾಲ್ವ್ ರೆಕ್ಟಿಫೈಯರ್ ಇರುವ ಸೆಟ್ಟಿನಲ್ಲಿ ಇನ್ನೊಂದು ವಿಶೇಷ. ಜೋರಾಗಿ ಬಾರಿಸಿದ ಕ್ಷಣ ಒಳಗಿನ ಹೈ ವೋಲ್ಟೇಜ್ ಸ್ವಲ್ಪ ಕುಸಿದು ಮತ್ತೆ ಏರುತ್ತದೆ. ಆದ್ದರಿಂದ ಪೆಟ್ಟು ಮೆತ್ತಗಾಗಿ, ಸ್ವರ ಆಮೇಲೆ ಅರಳುತ್ತದೆ. ಹಾರ್ಮೋನಿಯಂ ಮೇಷ್ಟರು ತಿದಿಯನ್ನು ಒತ್ತಿ ಸಡಿಲಿಸಿದಂತೆ ಅದು. ಕೊನೆಗೆ ಹನ್ನೆರಡು ಇಂಚಿನ ಪೇಪರ್ ಕೋನಿನ ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನ ಚುಚ್ಚುವ ದನಿಯನ್ನು ಹೊರಗೆ ಬಿಡುವುದಿಲ್ಲ. ಈ ಎಲ್ಲವೂ ಸೇರಿದ್ದನ್ನು ಜನ ‘ವಾಲ್ವ್ ಸೌಂಡ್’ ಎನ್ನುತ್ತಾರೆ. ಗಾಜಿನ ಬುರುಡೆಯೊಂದಕ್ಕೇ ಆ ಶ್ರೇಯಸ್ಸು ಕೊಡುವುದು ತಪ್ಪು.

3. ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕಬೇಡಿ.

ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದೇ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿನಲ್ಲಿ ಫಿಲ್ಟರ್ ಕಂಡೆನ್ಸರ್‌ಗಳು ಒಣಗಿರುತ್ತವೆ. ಒಮ್ಮೆಲೇ ಪೂರ್ತಿ ಕರೆಂಟು ಬಿಟ್ಟರೆ ಕಂಡೆನ್ಸರ್ ಒಡೆಯಬಹುದು, ಅದರ ಜೊತೆಗೆ ಟ್ರಾನ್ಸ್‌ಫಾರ್ಮರೂ ಹೋಗಬಹುದು. 60 ಅಥವಾ 100 ವಾಟಿನ ಹಳೆಯ ತಂತಿ ಬಲ್ಬನ್ನು ಸೀರೀಸಿನಲ್ಲಿ ಕೊಟ್ಟು ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ. ಎಲ್ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಹಳೆಯ ಬಲ್ಬ್ ಅಂಗಡಿಯಲ್ಲಿ ಕಂಡರೆ ಎರಡು ಜಾಸ್ತಿ ತಂದಿಟ್ಟುಕೊಳ್ಳಿ.

ಅಮೆರಿಕದಿಂದ ತಂದ ಸೆಟ್ಟುಗಳು 117 ವೋಲ್ಟಿನವು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತವೆ. ಇನ್ನು ನಮ್ಮ ಕಡೆ ತೋಟದ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಬೀಳುತ್ತದೆ, ಅವು ನಿಂತಾಗ ಏರುತ್ತದೆ. ವಾಲ್ವಿನ ಹೀಟರ್‌ಗೆ ಬೇಕಾದದ್ದು 6.3 ವೋಲ್ಟ್, 5.7ರಿಂದ 6.9ರೊಳಗೆ ಇರಬೇಕು. ಒಳ್ಳೆಯ ಸ್ಟೆಬಿಲೈಜರಿಗೆ ಹಾಕಿದ ದುಡ್ಡು ವಾಲ್ವಿನ ಆಯುಷ್ಯದಲ್ಲಿ ವಾಪಸ್ಸು ಬರುತ್ತದೆ.

ಎರಡು ಪಿನ್ನಿನ ವಯರ್ ಇದ್ದರೆ ಅದನ್ನು ತೆಗೆದು ಮೂರು ಪಿನ್ನಿನದು ಹಾಕಿ, ಚಾಸಿಗೆ ಅರ್ಥ್ ಕೊಡಿ. ಗಿಟಾರಿನ ತಂತಿ ನೇರವಾಗಿ ಚಾಸಿಗೇ ಸೇರಿರುತ್ತದೆ, ನುಡಿಸುವವನ ಬೆರಳು ಆ ತಂತಿಯ ಮೇಲಿರುತ್ತದೆ. ಹಳೆಯ ಅಂದ ಕೆಡುತ್ತದೆ ಎಂದು ಇದು ಬೇಡ ಎನ್ನುವವರ ಸೆಟ್ಟನ್ನು ನಾನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 300, 400 ವೋಲ್ಟ್ ನಿಂತಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.

4. ಸ್ಪೀಕರ್ ಸೇರಿಸದೆ ಆನ್ ಮಾಡಬಾರದು.

ಲೋಡ್ ಇಲ್ಲದೆ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಭಾರಿ ವೋಲ್ಟೇಜ್ ಎದ್ದು ಅದರ ಇನ್ಸುಲೇಷನ್ ಒಡೆಯುತ್ತದೆ. ಇದಕ್ಕೆ ವಿನಾಯಿತಿಯೇ ಇಲ್ಲ.

5. ವಾಲ್ವಿನ ಮೇಲೆ ಅನುಮಾನ ಕೊನೆಗೆ.

ದನಿ ಕೆಟ್ಟ ಕೂಡಲೇ ಹೊಸ ವಾಲ್ವ್ ತರಿಸುವುದು ಎಲ್ಲರ ಅಭ್ಯಾಸ. ಈಗ ಅವು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು, ಬೆಲೆಯೂ ಹೆಚ್ಚು. ಮೊದಲು ಬೇಸಿನ ಪಿನ್ನು ಒರೆಸಿ, ಡ್ರೈ ಸೋಲ್ಡರ್ ನೋಡಿ. ಅರಕಲಗೂಡಿನ ಮಳೆಯ ಸೀಮೆಯಿಂದ ಬಂದ ಸೆಟ್ಟಿನಲ್ಲಿ ತುಕ್ಕು ಹುಡುಕುತ್ತೇನೆ, ಚನ್ನರಾಯಪಟ್ಟಣದ ಕಡೆಯದಾದರೆ ಧೂಳು. ಪವರ್ ವಾಲ್ವಿನ ಪ್ಲೇಟು ಕೆಂಪಗೆ ಕಾದರೆ ಕಪ್ಲಿಂಗ್ ಕಂಡೆನ್ಸರ್ ಲೀಕ್ ಆಗುತ್ತಿದೆಯೇ ಎಂದು ಅಳೆಯಿರಿ. ಆ ವಾಲ್ವಿನ ಗ್ರಿಡ್‌ನಲ್ಲಿ ಪಾಸಿಟಿವ್ ವೋಲ್ಟೇಜ್ ಕಾಣಬಾರದು. ಅದನ್ನು ಬಿಟ್ಟು ವಾಲ್ವ್ ಬದಲಾಯಿಸಿದರೆ ಹೊಸದೂ ಸುಡುತ್ತದೆ. ಮುಂಭಾಗದ ಇಸಿಸಿ83ಗಳು ಬಹಳ ಕಾಲ ಬಾಳುತ್ತವೆ, ಸುಮ್ಮನೆ ಕೀಳಬೇಡಿ.

6. ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸೆಟ್ಟಿನ ಆಸ್ತಿ.

ಮೋಟಾರ್ ವೈಂಡಿಂಗ್ ಅಂಗಡಿ ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ, ಅಲ್ಲಿ ಕೈಪಳಗಿದವರೂ ಇದ್ದಾರೆ. ಆದರೆ ಈ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರೈಮರಿ ಸುತ್ತನ್ನೂ ಸೆಕೆಂಡರಿ ಸುತ್ತನ್ನೂ ಪದರ ಪದರವಾಗಿ ಒಂದರೊಳಗೊಂದು ಸುತ್ತಿರುತ್ತಾರೆ. ಅಳತೆ ಬರೆದುಕೊಳ್ಳದೆ ಬಿಚ್ಚಿಬಿಟ್ಟರೆ ಆ ದನಿ ಮತ್ತೆ ಸಿಗುವುದಿಲ್ಲ. ಬಿಚ್ಚುವವರ ಪಕ್ಕದಲ್ಲೇ ಕೂತು ಸುತ್ತು ಎಣಿಸಿ, ಪದರದ ಕ್ರಮ ಬರೆದಿಡಿ.

7. ಹಳೆಯ ಮೈಕ್ ಸೆಟ್ಟನ್ನು ಗಿಟಾರಿಗೆ ಒಗ್ಗಿಸಬಹುದು.

ವಿದೇಶಿ ಸೆಟ್ ಕೊಳ್ಳಲಾಗದ ಹುಡುಗರಿಗೆ ನಾನು ಹೇಳುವ ದಾರಿ ಇದು. ಮೈಕಿನ ಇನ್‌ಪುಟ್ ಗಿಟಾರಿನ ಪಿಕಪ್ಪಿಗೆ ಹೊಂದುವುದಿಲ್ಲ; ಅಲ್ಲಿ 1 ಮೆಗಾ ಓಮ್ ಗ್ರಿಡ್ ರೆಸಿಸ್ಟರ್, 68 ಕಿಲೋ ಓಮ್ ಸ್ಟಾಪರ್ ಹಾಕಿ, ಟೋನ್ ಕಂಟ್ರೋಲನ್ನು ಗಿಟಾರಿಗೆ ತಕ್ಕಂತೆ ಕಟ್ಟಬೇಕು. ಹಾರ್ನ್ ಬೇಡ, ಅದು ಮಾತಿಗೆ ಸರಿ, ಗಿಟಾರಿಗೆ ಕಿವಿ ಚುಚ್ಚುತ್ತದೆ. ಹೆಚ್ಚು ವಾಟಿನ ಆಸೆಯೂ ಬೇಡ. 15 ವಾಟಿನಿಂದ 30ಕ್ಕೆ ಹೋದರೆ ಏರುವುದು 3 ಡೆಸಿಬಲ್ ಅಷ್ಟೆ, ಕಿವಿಗೆ ಸಣ್ಣ ವ್ಯತ್ಯಾಸ. ದೊಡ್ಡ ಸೆಟ್ ಅದರ ಸಿಹಿ ದನಿ ಕೊಡುವಷ್ಟು ಏರಿಸುವ ಹೊತ್ತಿಗೆ ಬೀದಿಯವರೆಲ್ಲ ಎದ್ದು ಬರುತ್ತಾರೆ. ಎರಡು ಇಎಲ್84 ಇರುವ ಸೆಟ್ ಊರಿನ ವಾದ್ಯಗೋಷ್ಠಿಗೆ ಧಾರಾಳ ಸಾಕು.

8. ಬಿಚ್ಚಿ ಕಟ್ಟಲು ಬರುವ ವಸ್ತು ಬಾಳುತ್ತದೆ.

ವಾಲ್ವ್ ಸೆಟ್ಟುಗಳ ಒಳಗೆ ಒಂದೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಬೆಸುಗೆಯ ಕೈಗೆ ಸಿಗುತ್ತದೆ. ಕಂಡೆನ್ಸರು, ರೆಸಿಸ್ಟರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಸರ್ಕ್ಯೂಟ್ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಐಟಿಐ ಹುಡುಗನೊಬ್ಬ ಮನಸ್ಸಿಟ್ಟು ಕೂತರೆ ಒಂದು ಬೇಸಿಗೆ ರಜೆಯಲ್ಲಿ ಕಲಿಯಬಹುದಾದ ವಿದ್ಯೆ ಇದು. ಕಲಿಯಬೇಕೆನ್ನುವವರಿಗೆ ನನ್ನ ಬೆಂಚಿನಲ್ಲಿ ಯಾವತ್ತೂ ಜಾಗ ಇದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳೆಯ ಶಾಮಿಯಾನ ಗೋಡೌನುಗಳಲ್ಲಿ, ಮನೆಗಳ ಅಟ್ಟದಲ್ಲಿ ಇಂಥ ಸೆಟ್ಟುಗಳು ಇನ್ನೂ ಇವೆ. ತಾಮ್ರದ ತೂಕಕ್ಕೆ ಅವನ್ನು ಗುಜರಿಗೆ ಹಾಕುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ನಿಮ್ಮಲ್ಲಿ ಒಂದಿದ್ದರೆ ಕೊಡುವ ಮೊದಲು ವಾಲ್ವ್ ಗೊತ್ತಿರುವ ಯಾರಿಗಾದರೂ ತೋರಿಸಿ. ನಿಮಗೆ ಬೇಡವಾದರೆ ಗಿಟಾರ್ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗನಿಗೋ ಹುಡುಗಿಗೋ ಕೊಡಿ.