ಮನೆಯಿಲ್ಲದವರಿಗಾಗಿ ಕಟ್ಟಿದ ಮನೆ

ಪಾಠಭಾಗಗಳು: ವಿಮೋಚನಕಾಂಡ 31:1-5, ಧರ್ಮೋಪದೇಶಕಾಂಡ 22:8.

ದೇವರ ಸೇವೆಯೆಂದರೆ ಸಾರುವದೂ ಪ್ರಾರ್ಥಿಸುವದೂ ಮಾತ್ರವೆಂದು ನಮ್ಮಲ್ಲಿ ಅನೇಕರು ನೆನಸುತ್ತಾರೆ. ಆದರೆ ಗುಡಾರದ ಕೆಲಸಕ್ಕೆ ಬೆಚಲೇಲನು ನೇಮಕವಾದನೆಂದೂ, ಲೋಹ ಮರ ಕಲ್ಲುಗಳಲ್ಲಿ ಕೆಲಸಮಾಡುವ ಅವನ ಜಾಣತನವು ದೇವರಿಂದಲೇ ಬಂತೆಂದೂ ಮೊದಲನೆಯ ಪಾಠಭಾಗದಲ್ಲಿ ಓದುತ್ತೇವೆ. ಆದದರಿಂದ ನಕ್ಷೆ ಬರೆಯುವವನ ವಿದ್ಯೆಯೂ ಒಂದು ಕಾಣಿಕೆಯೇ. ಅದನ್ನು ಹೇಗೆ ಒಪ್ಪಿಸಬೇಕೆಂಬದನ್ನು ಪ್ಯಾರಿಸ್ ಪಟ್ಟಣದ ಒಂದು ಆಶ್ರಯಗೃಹದಿಂದ ಕಲಿಯೋಣ.

ವಿಲಿಯಂ ಬೂತನೂ ಅವನ ಪತ್ನಿ ಕ್ಯಾಥರೀನಳೂ 1865ರಲ್ಲಿ ಲಂಡನಿನ ಬಡವರ ನಡುವೆ ಆರಂಭಿಸಿದ ಸೇವೆಗೆ 1878ರಲ್ಲಿ ಸಾಲ್ವೇಶನ್ ಆರ್ಮಿ, ಅಂದರೆ ರಕ್ಷಣಾಸೈನ್ಯ, ಎಂಬ ಹೆಸರಾಯಿತು. ಈ ಸಂಘದ ಫ್ರೆಂಚ್ ಶಾಖೆಯು ಬೀದಿಯಲ್ಲಿ ಮಲಗುವವರಿಗಾಗಿ ಪ್ಯಾರಿಸಿನಲ್ಲಿ ದೊಡ್ಡ ಮನೆಯೊಂದನ್ನು ಕಟ್ಟಬಯಸಿತು. ಹೊಲಿಗೆಯಂತ್ರದಿಂದ ಪ್ರಸಿದ್ಧವಾದ ಸಿಂಗರ್ ಮನೆತನದಲ್ಲಿ ಹುಟ್ಟಿದ ಪೋಲಿನ್ಯಾಕಿನ ರಾಜಕುಮಾರಿಯು ದೊಡ್ಡ ಮೊತ್ತವನ್ನು ಕೊಟ್ಟಳು. ಹೆಸರಾಂತ ಶಿಲ್ಪಿ ಲ ಕಾರ್ಬೂಸಿಯೆ ತನ್ನ ಬಂಧುವಾದ ಪಿಯೆರ್ ಜಾನ್ನೆರೆಯೊಡನೆ ನಕ್ಷೆಯನ್ನು ಬರೆದನು. 1933ನೆಯ ಡಿಸೆಂಬರ್ ತಿಂಗಳಲ್ಲಿ ಮನೆಯು ತೆರೆಯಲ್ಪಟ್ಟಿತು.

ಆ ನಕ್ಷೆಯಲ್ಲಿ ಮೆಚ್ಚತಕ್ಕದ್ದು ಬಹಳವಿತ್ತು. ಬೀದಿಯಿಂದ ಬಂದವನು ಮೊದಲು ಬಾಗಿಲಮಂಟಪವನ್ನು ಹೊಕ್ಕು, ಚಿಕ್ಕ ಸೇತುವೆಯನ್ನು ದಾಟಿ, ದುಂಡಾದ ಸ್ವಾಗತಶಾಲೆಗೆ ಬರುವನು. ಊಟದ ಶಾಲೆ, ಕೆಲಸದ ಶಾಲೆ, ಮಲಗುವ ಶಾಲೆಗಳು, ತಾಯಿಮಕ್ಕಳಿಗೆ ಕೋಣೆಗಳು, ಎಲ್ಲವೂ ಅಲ್ಲಿದ್ದವು. ದಿಕ್ಕಿಲ್ಲದವನನ್ನು ಹಿತ್ತಲ ಬಾಗಿಲಿನಿಂದಲ್ಲ, ಅತಿಥಿಯಂತೆ ಬರಮಾಡಿಕೊಳ್ಳುವ ಮನೆ ಅದು.

ಆದರೆ ಕೊರತೆಯೂ ಇತ್ತು. ದಕ್ಷಿಣಕ್ಕೆ ಮುಖವಾದ ಗೋಡೆಯು ಸುಮಾರು 1,000 ಚದರ ಮೀಟರ್ ಗಾಜು. ಅದರಲ್ಲಿ ತೆರೆಯತಕ್ಕ ಕಿಟಕಿಗಳಿರಲಿಲ್ಲ. ಎರಡು ಪದರು ಗಾಜನ್ನಿಟ್ಟು ಅದರ ನಡುವೆ ಹದವಾದ ಗಾಳಿಯನ್ನು ಹರಿಸಬೇಕೆಂಬದು ಶಿಲ್ಪಿಯ ಆಲೋಚನೆ. ಹಣವು ಸಾಲದೆಹೋದದರಿಂದ ಗಾಜು ಒಂದೇ ಪದರಾಯಿತು, ತಂಪುಮಾಡುವ ಯಂತ್ರವೂ ಬರಲಿಲ್ಲ. ಆದರೂ ಗೋಡೆಯನ್ನು ಮುಚ್ಚಿದಂತೆಯೇ ಬಿಟ್ಟರು. ಚಳಿಗಾಲದಲ್ಲಿ ಹಿತವಾಗಿದ್ದ ಮನೆ ಬೇಸಿಗೆಯಲ್ಲಿ ಒಲೆಯಂತೆ ಕಾಯಿತು. ಕೂಸುಗಳು ಸಹ ಆ ಬೇಗೆಯನ್ನು ತಾಳಬೇಕಾಯಿತು. ಕಿಟಕಿ ತೆಗೆಯುವದಕ್ಕೆ ಶಿಲ್ಪಿಯು ಮನಸೊಪ್ಪಲಿಲ್ಲ. ಕಡೆಗೆ 1935ರಲ್ಲಿ ಅಧಿಕಾರಿಗಳ ಒತ್ತಾಯದಿಂದ ಕಿಟಕಿಗಳಾದವು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಬಿಸಿಲನ್ನು ತಡೆಯುವ ಅಡ್ಡಹಲಗೆಗಳನ್ನೂ ಗಾಜಿನ ಮುಂದೆ ಕಟ್ಟಿದರು. ಹೀಗೆ ತಿದ್ದಲ್ಪಟ್ಟ ಆ ಮನೆ ಇಂದಿಗೂ ಅದೇ ಸಂಘದ ಕೈಯಲ್ಲಿ ಆಶ್ರಯವಾಗಿಯೇ ನಿಂತಿದೆ.

ಇದರಿಂದ ಮೂರು ಪಾಠಗಳನ್ನು ಕಲಿಯತಕ್ಕದ್ದು.

ಮೊದಲನೆಯದು, ಅಲ್ಲಿ ಮಲಗುವವನನ್ನು ಕೇಳಬೇಕು. ಯಾಕಂದರೆ ಹಣಕೊಟ್ಟು ಮನೆ ಕಟ್ಟಿಸುವವನು ಧೈರ್ಯವಾಗಿ ದೂರು ಹೇಳುವನು. ಧರ್ಮದ ಮನೆಯಲ್ಲಿ ಇಳಿದವನು ಬಾಯಿಮುಚ್ಚಿಕೊಂಡು ಸಹಿಸುವನು.

ಎರಡನೆಯದು, ಹಣವು ಕಡಿಮೆಯಾದರೆ ನಕ್ಷೆಯಲ್ಲಿ ಒಂದನ್ನು ಕಿತ್ತು ಉಳಿದದ್ದನ್ನು ಹಾಗೆಯೇ ಬಿಡಬಾರದು. ಗಾಳಿಯ ಯಂತ್ರವಿಲ್ಲವಾದರೆ ಕಿಟಕಿ ಬೇಕೇ ಬೇಕು.

ಮೂರನೆಯದು, ತಪ್ಪು ಕಂಡಾಗ ತಿದ್ದಿಕೊಳ್ಳಬೇಕು. ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆಯನ್ನು ಕಟ್ಟಬೇಕೆಂದು ಎರಡನೆಯ ಪಾಠಭಾಗವು ವಿಧಿಸುತ್ತದೆ. ಯಾರಾದರೂ ಬಿದ್ದು ಸತ್ತರೆ ಆ ಹೊಣೆಯು ಮನೆಯವನದೇ. ಧರ್ಮಕ್ಕೆ ಮಾಡಿದ ಕೆಲಸವೆಂದು ಆ ಹೊಣೆ ತಪ್ಪುವದಿಲ್ಲ. ದಿಕ್ಕಿಲ್ಲದವರಿಗೆ ಬೇರೆ ಮನೆಯಿಲ್ಲದ ಕಾರಣ ಅದು ಇನ್ನೂ ಹೆಚ್ಚುತ್ತದೆ.

ನಮ್ಮಲ್ಲಿ ಗೌಂಡಿಯೂ ಬಡಗಿಯೂ ಚಾಪೆ ಹೆಣೆಯುವವಳೂ ಇದ್ದಾರೆ. ಊರಿನ ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಇವರ ಕೈಗಳು ಬೇಕು. ಕೊಡುವವರು ತಮಗೆ ತೋಚಿದ್ದನ್ನಲ್ಲ, ಅಲ್ಲಿರುವವರಿಗೆ ಬೇಕಾದದ್ದನ್ನು ಕೊಡಲಿ.

ಆಲೋಚಿಸತಕ್ಕ ಪ್ರಶ್ನೆಗಳು:

1. ಬೆಚಲೇಲನ ಜಾಣತನವು ಯಾರ ದಾನವಾಗಿತ್ತು?
2. ಪ್ಯಾರಿಸಿನ ಮನೆಯಲ್ಲಿ ಬೇಸಿಗೆಯ ಬಾಧೆ ಯಾಕೆ ಉಂಟಾಯಿತು?
3. ನಿಮ್ಮ ಸಭೆಯ ಸಮೀಪದ ಆಶ್ರಮದಲ್ಲಿ ಒಂದು ರಾತ್ರಿ ನೀವೇ ಮಲಗಿದರೆ ಯಾವದನ್ನು ಮೊದಲು ಸರಿಪಡಿಸುವಿರಿ?