ಮತ್ತಿಯೋ, ಹೊಳೆಮತ್ತಿಯೋ?

ತೋಟದಂಚಿನ ಮರದ ವಿಷಯದಲ್ಲಿ ನಿಮಗೂ ನಿಮ್ಮ ಮಾವನವರಿಗೂ ವಾದ ಮುಗಿಯುತ್ತಿಲ್ಲ ಎಂದು ಬರೆದಿದ್ದೀರಿ. ಇಬ್ಬರೂ ಎಲೆ ಹಿಡಿದು ವಾದಿಸುತ್ತಿರುವುದೇ ತೊಡಕು. ಎಲೆಯ ಆಕಾರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಮೊದಲು ತೊಗಟೆ ನೋಡಿ. ಬಲಿತ ಮತ್ತಿಯದು ಕಪ್ಪು ಛಾಯೆಯದು. ಮೊಸಳೆಯ ಬೆನ್ನಿನಂತೆ ಆಳವಾಗಿ ಬಿರಿದು ಚೌಕ ಚೌಕವಾಗಿರುತ್ತದೆ. ಹೊಳೆಮತ್ತಿಯದು ನುಣುಪು, ಬೂದುಬಿಳುಪು, ತೆಳುವಾದ ಹಾಳೆಗಳಾಗಿ ಕಳಚುತ್ತದೆ. ಆದರೆ ನಿಮ್ಮದು ಎಳೆಯ ಮರ ಎನ್ನುತ್ತೀರಿ. ಎಳೆ ಮತ್ತಿಯ ತೊಗಟೆ ಇನ್ನೂ ಬಿರಿದಿರುವುದಿಲ್ಲವಾದ್ದರಿಂದ ಇದನ್ನೇ ನೆಚ್ಚಬೇಡಿ.

ನಾನು ನಂಬುವುದು ಕಾಯಿಯನ್ನು. ಎರಡಕ್ಕೂ ಐದು ರೆಕ್ಕೆಗಳಿವೆ, ಎಣಿಸಿ ಪ್ರಯೋಜನವಿಲ್ಲ. ಒಣಗಿದ ಕಾಯಿಯೊಂದನ್ನು ಬೆಳಕಿಗೆ ಹಿಡಿದು ರೆಕ್ಕೆಯ ಮೇಲಿನ ಗೆರೆಗಳನ್ನು ಗಮನಿಸಿ. ಮತ್ತಿಯ ಅಗಲ ರೆಕ್ಕೆಯಲ್ಲಿ ಅವು ಅಡ್ಡಡ್ಡಲಾಗಿ ನೇರ ಅಂಚಿಗೆ ಓಡುತ್ತವೆ. ಹೊಳೆಮತ್ತಿಯ ಕಿರಿದಾದ ರೆಕ್ಕೆಯಲ್ಲಿ ಮೇಲಕ್ಕೆ ಬಾಗುತ್ತವೆ. ಮರ ಇನ್ನೂ ಕಾಯಿ ಬಿಟ್ಟಿಲ್ಲವೇ? ಎಲೆ ಮಗುಚಿ. ಮತ್ತಿಯಲ್ಲಿ ನಡುನರದ ಮೇಲೆ, ಬುಡದ ಹತ್ತಿರ, ಪುಟ್ಟ ತೊಟ್ಟಿರುವ ಗ್ರಂಥಿಗಳು ಕಾಣುತ್ತವೆ. ಹೊಳೆಮತ್ತಿಯ ಗ್ರಂಥಿಗಳಿರುವುದು ಎಲೆತೊಟ್ಟಿನ ತುದಿಯಲ್ಲಿ.

ಹಳ್ಳದ ಪಕ್ಕ ಇದೆ, ಆದ್ದರಿಂದ ಹೊಳೆಮತ್ತಿಯೇ ಎನ್ನುವ ಮಾವನವರ ಮಾತು ಒಳ್ಳೆಯ ಊಹೆ, ಪುರಾವೆಯಲ್ಲ. ಎದೆನೋವಿನ ಕಷಾಯಕ್ಕೆಂದು ತೊಗಟೆ ಕೆತ್ತುವ ಯೋಚನೆ ಮಾತ್ರ ಬಿಡಿ. ಮರ ಯಾವುದೇ ಇರಲಿ, ಎದೆನೋವಿಗೆ ಮೊದಲು ವೈದ್ಯರನ್ನು ಕಾಣಬೇಕು.